ಅಜ್ಜಿ ಥರ ಇಲ್ಲ ಅಂತಾರೆ!

ಪ್ರಶ್ನೆ: ಫೋಟೋ ನೋಡಿಕೊಂಡು ನಮ್ಮ ಅಜ್ಜಿಯ ಭಾವಚಿತ್ರವನ್ನು ಎಣ್ಣೆ ಬಣ್ಣದಲ್ಲಿ ಬರೆದಿದ್ದೇನೆ. ಕಣ್ಣು, ಮೂಗು ಎಲ್ಲಾ ಅಳತೆಗೆ ಸರಿಯಾಗಿದೆ. ಆದರೂ ಮನೆಯವರು ‘ಇದು ಅಜ್ಜಿ ಥರ ಇಲ್ಲ’ ಅಂತಾರೆ. ಏನು ಮಾಡಲಿ?
(ಓದುಗರು, ಹಾಸನ)

ಉತ್ತರ: ಅಜ್ಜಿ ಮನೆಯಲ್ಲೇ ಇದ್ದರೆ ಫೋಟೋ ಬದಿಗಿಡಿ. ಕ್ಯಾಮೆರಾ ಮುಂದೆ ಎಂಥವರೂ ಮುಖ ಬಿಗಿ ಮಾಡಿಕೊಳ್ಳುತ್ತಾರೆ, ಅಲ್ವಾ? ಅವರನ್ನು ಕಿಟಕಿ ಪಕ್ಕ ಕೂರಿಸಿ, ಅವರಿಗಿಷ್ಟವಾದ ಮಾತು ತೆಗೆಯಿರಿ. ಕೇಳುತ್ತಾ ಪೆನ್ಸಿಲ್‌ನಲ್ಲಿ ಸುಮ್ನೆ ಚಿಕ್ಕ ಚಿಕ್ಕ ಸ್ಕೆಚ್ ಮಾಡಿ. ನಗುವಾಗ ಯಾವ ಕಣ್ಣು ಜಾಸ್ತಿ ಕಿರಿದಾಗುತ್ತದೆ? ಮಾತು ಕೇಳಿಸಿಕೊಳ್ಳುವಾಗ ಕತ್ತು ಯಾವ ಕಡೆ ವಾಲುತ್ತದೆ? ಮನೆಯವರು ಅಜ್ಜಿಯನ್ನು ಗುರುತು ಹಿಡಿಯುವುದು ಇದರಿಂದಲೇ. ಎರಡೂ ಕಣ್ಣನ್ನು ಒಂದೇ ಸಮ ಮಾಡಲು ಹೋಗಬೇಡಿ, ದಯವಿಟ್ಟು.

ಇನ್ನು ತುಟಿ. ಅದರ ಮೂಲೆಗೆ ಗಟ್ಟಿ ಗೆರೆ ಎಳೆದರೆ ಮುಖ ಅಲ್ಲೇ ಮರಗಟ್ಟುತ್ತದೆ. ಲಿಯೊನಾರ್ಡೊ ಡ ವಿಂಚಿ ಮೊನಾಲಿಸಾಳ ತುಟಿ ಮತ್ತು ಕಣ್ಣಿನ ಮೂಲೆಗಳನ್ನು ತೆಳುವಾದ ಪದರಗಳಲ್ಲಿ ನೆರಳಿಗೆ ಕರಗಿಸಿಬಿಟ್ಟಿದ್ದಾನೆ. ಅದಕ್ಕೇ ಆ ನಗು ನೋಡಿದಾಗಲೆಲ್ಲ ಬೇರೆ ಥರ ಕಾಣುತ್ತದೆ. ನಿಮ್ಮ ಚಿತ್ರದ ಬಣ್ಣ ಇನ್ನೂ ಹಸಿ ಇದ್ದರೆ ಒಣ ಬ್ರಷ್‌ನಿಂದ ಆ ಮೂಲೆಗಳನ್ನು ಮೆಲ್ಲಗೆ ಸವರಿ. ಒಣಗಿದ್ದರೆ ಮೇಲೊಂದು ತೆಳು ನೆರಳು ಕೊಡಿ. ಆಮೇಲೆ ಮನೆಯವರನ್ನು ಮತ್ತೆ ಕೇಳಿ.