ವರದಿಯಲ್ಲಿ 'ಹೇಳಲಾಗದು' ಅಂತ ಬಂದರೆ?

ದಾವಣಗೆರೆ ವಿದ್ಯಾನಗರದ ಓದುಗರೊಬ್ಬರ ಪತ್ರ: "ಅಕ್ಕನಿಗೆ ಸ್ತನ ಕ್ಯಾನ್ಸರ್ ಆದ ಮೇಲೆ ಬಿಆರ್‌ಸಿಎ1 (ಕೆಟ್ಟರೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಜೀನ್) ಟೆಸ್ಟ್ ಮಾಡಿಸಿದೆವು. ಅದರ ಡಿಎನ್‌ಎಯಲ್ಲಿ ಒಂದು ಅಕ್ಷರ ಬದಲಾಗಿದೆ, ಅದರಿಂದ ತೊಂದರೆ ಇದೆಯೋ ಇಲ್ಲವೋ ಹೇಳಲಾಗದು ಅಂತ ವರದಿ ಬಂತು. ಜೀನ್ ತಿದ್ದಿ ಸಾವಿರಾರು ಬಗೆಯ ಪ್ರೋಟೀನ್ ಮಾಡಿ ನೋಡುತ್ತಾರೆ ಅಂತ ನೀವು ಬರೆದಿದ್ದಿರಿ. ಅದರಿಂದ ನಮಗೇನು ಬಂತು?"

ನಮಸ್ಕಾರ ಮೇಡಂ. ದುಡ್ಡು ಕೊಟ್ಟು ಟೆಸ್ಟ್ ಮಾಡಿಸಿ ಇಂಥ ಉತ್ತರ ಬಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಆ ಬದಲಾವಣೆ ಬೆರಳೆಣಿಕೆಯ ಮನೆಗಳಲ್ಲಷ್ಟೇ ಕಂಡಿದ್ದರೆ ಡಾಕ್ಟರು ತಾನೇ ಏನು ಹೇಳಿಯಾರು? ಇನ್ನಷ್ಟು ರೋಗಿಗಳು ಸಿಗಲಿ ಅಂತ ಕಾಯುವ ಬದಲು, ಬದಲಾವಣೆಯನ್ನು ಲ್ಯಾಬಿನಲ್ಲೇ ಮಾಡಿ ನೋಡಿದವರು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು. ಅದು 2018ರಲ್ಲಿ.

ಅವರು ಆರಿಸಿಕೊಂಡ ಮನುಷ್ಯ ಜೀವಕೋಶಗಳಲ್ಲಿ ಪ್ರತಿ ಜೀನ್‌ಗೂ ಒಂದೇ ಪ್ರತಿ. ನಮ್ಮಲ್ಲಿರುವಂತೆ ಎರಡಿದ್ದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಿಬಿಡುತ್ತದೆ ಅಲ್ವಾ? ಬಿಆರ್‌ಸಿಎ1 ಪ್ರೋಟೀನ್ ಕೆಟ್ಟರೆ ಈ ಕೋಶಗಳು ಬದುಕುವುದೂ ಇಲ್ಲ. ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ಜೀನ್ ಕತ್ತರಿಸಿ, ಒಂದೊಂದು ಅಕ್ಷರ ಬದಲಿಸಿದ ಡಿಎನ್‌ಎ ತುಣುಕುಗಳನ್ನು ಜೊತೆಗೆ ಕೊಟ್ಟರು. ಕೋಶ ಗಾಯ ಮುಚ್ಚಿಕೊಳ್ಳುವಾಗ ಆ ತುಣುಕನ್ನೇ ನೋಡಿ ನಕಲು ಮಾಡಿಕೊಳ್ಳುತ್ತದೆ. ಒಂದೇ ಹೊಲದಲ್ಲಿ ನೂರಾರು ತಳಿಯ ಮೆಕ್ಕೆಜೋಳ ಕಲಸಿ ಬಿತ್ತಿ, ಯಾವುದು ನಿಂತಿತು ಅಂತ ನೋಡಿದ ಹಾಗೆ, 5ನೇ ದಿನ ಮತ್ತು 11ನೇ ದಿನ ಎಲ್ಲ ಕೋಶಗಳ ಡಿಎನ್‌ಎ ಓದಿದರು. ಅಷ್ಟರಲ್ಲಿ ಕಾಣೆಯಾದ ಬದಲಾವಣೆ ಪ್ರೋಟೀನನ್ನು ಕೆಡಿಸಿದೆ ಅಂತ ಲೆಕ್ಕ. ಹೀಗೆ ಸುಮಾರು 3,900 ಬದಲಾವಣೆಗಳಿಗೆ ಉತ್ತರ ಸಿಕ್ಕಿತು.

ಸುಮ್ನೆ ಹೊರಗಿಂದ ಜೀನ್ ತುರುಕಿ ನೋಡಬಹುದಿತ್ತಲ್ಲ ಅಂತೀರೇನೋ. ಜೀನನ್ನು ಅದರ ಜಾಗದಲ್ಲೇ ತಿದ್ದಿದ್ದರಿಂದ ಇನ್ನೊಂದು ವಿಷಯ ಬಯಲಾಯಿತು. ಕೆಲವು ಬದಲಾವಣೆಗಳು ಪ್ರೋಟೀನಿನ ಆಕಾರಕ್ಕೆ ಏನೂ ಮಾಡದಂತೆ ಕಂಡರೂ, ಆರ್‌ಎನ್‌ಎ (ಪ್ರೋಟೀನ್ ಮಾಡಲು ಜೀನಿನಿಂದ ತೆಗೆದ ನಕಲು) ಸರಿಯಾಗಿ ಜೋಡಣೆಯಾಗದಂತೆ ಮಾಡಿ ಪ್ರೋಟೀನ್ ಹುಟ್ಟುವುದಕ್ಕೇ ಅಡ್ಡಿಯಾಗುತ್ತವೆ. ಜೀನ್ ಎಡಿಟಿಂಗ್ ಅಂದ ಕೂಡಲೇ ಜನ ಬೇಕಾದಂಥ ಮಗು ಮಾಡಿಕೊಳ್ಳುವ ಮಾತಾಡುತ್ತಾರೆ. ನನಗಂತೂ ಈ ಸಪ್ಪೆ ಕೆಲಸವೇ ಜಾಸ್ತಿ ದೊಡ್ಡದು.

ಹಾಗಂತ ನಿಮ್ಮ ಉತ್ತರ ಅದರಲ್ಲಿ ಇದ್ದೇ ಇದೆ ಅಂತಲ್ಲ. ಅವರು ತಿದ್ದಿದ್ದು ಪ್ರೋಟೀನಿನ ಎರಡು ತುದಿಗಳ ಭಾಗವನ್ನು ಮಾತ್ರ. ಅಕ್ಕನದು ನಡುವೆ ಬಂದರೆ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ತಟ್ಟೆಯಲ್ಲಿ ಬೆಳೆದ ಕೋಶ ಇಡೀ ಮನುಷ್ಯನೂ ಅಲ್ಲ. ವರದಿಯಲ್ಲಿ ಇಂಗ್ಲಿಷಿನ 'c.' ಅಂತ ಶುರುವಾಗಿ ಅಂಕಿ, ಅಕ್ಷರ ಇರುವ ಸಾಲೊಂದಿರುತ್ತದೆ. ಅದನ್ನು ಜೆನೆಟಿಕ್ ಕೌನ್ಸೆಲರ್‌ಗೆ (ಜೀನ್ ವರದಿ ಬಿಡಿಸಿ ಹೇಳಿ ಸಲಹೆ ಕೊಡುವವರು) ತೋರಿಸಿ, ಈಗ ಮತ್ತೊಮ್ಮೆ ನೋಡಿ ಹೇಳಿ ಅಂತ ಕೇಳಿ. ಇಂಥ ವರದಿಗಳು ಎಷ್ಟೋ ಸಲ ಆಮೇಲೆ ಬದಲಾಗುತ್ತವೆ. ಈ ಒಂದು ಸಾಲು ನಂಬಿ ಆಪರೇಷನ್‌ಗೆ ಮಾತ್ರ ಹೋಗಬೇಡಿ. ನಿಮ್ಮ ತಪಾಸಣೆ ಯಾವಾಗ ಶುರು ಮಾಡಬೇಕು ಅನ್ನುವುದನ್ನು, ಮನೆಯಲ್ಲಿ ಯಾರ್ಯಾರಿಗೆ ಯಾವ ವಯಸ್ಸಿನಲ್ಲಿ ಕ್ಯಾನ್ಸರ್ ಬಂದಿತ್ತು ಅಂತ ಹೇಳಿ ಡಾಕ್ಟರ ಹತ್ತಿರವೇ ಕೇಳಿಕೊಳ್ಳಿ.