ಗಾಳಕ್ಕೆಂದು ಬಕೆಟ್‌ನಲ್ಲಿಟ್ಟ ಸಣ್ಣ ಮೀನುಗಳು ಮಧ್ಯಾಹ್ನದೊಳಗೆ ಯಾಕೆ ಸಾಯುತ್ತವೆ?

ಹೆಚ್ಚಾಗಿ ಉಸಿರು ಕಟ್ಟಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಆದರೆ ಬಿಸಿ ನೀರಲ್ಲಿ ಮೀನಿಗೆ ಆಮ್ಲಜನಕ ಬೇಕಾಗೋದೇ ಜಾಸ್ತಿ. ಕಷ್ಟ ಅಲ್ವಾ? ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದೇ ಸೂಚನೆ.

ಬ್ಯಾಟರಿ ಏರ್ ಪಂಪ್ ಹಾಕಿ. ಗುಳ್ಳೆಗಳು ನೀರಿನ ಮೇಲ್ಭಾಗವನ್ನು ಕಲಕುತ್ತವೆ, ಗಾಳಿಯಿಂದ ಆಮ್ಲಜನಕ ಸೇರೋದು ಬಹುಪಾಲು ಅಲ್ಲೇ. ಹಾಗಾಗಿ ಕಿರಿದಾದ ಕ್ಯಾನ್‌ಗಿಂತ ಅಗಲ ಬಾಯಿಯ ಟಬ್ ಒಳ್ಳೆಯದು. ಸುಮ್ನೆ ಜಾಸ್ತಿ ಮೀನು ತುಂಬಬೇಡಿ. ನೆರಳಲ್ಲಿಡಿ. ಬಿಸಿಲು ಜೋರಿದ್ದರೆ ಐಸ್ ಮಾಡಿದ ಬಾಟಲಿಯನ್ನು ಮುಚ್ಚಳ ತೆಗೆಯದೆ ತೇಲಿಬಿಡಿ. ಐಸನ್ನೇ ಸುರಿದರೆ ನೀರು ತಟ್ಟನೆ ತಣ್ಣಗಾಗಿ ಮೀನು ತಡೆಯಲ್ಲ.

ಕಿವಿರುಗಳಿಂದ ಅಮೋನಿಯಾ ಎಂಬ ಕಶ್ಮಲವೂ ನೀರಿಗೆ ಸೇರುತ್ತಿರುತ್ತದೆ. ಆಗಾಗ ಕಾಲು ಭಾಗ ನೀರು ಚೆಲ್ಲಿ, ಮೀನು ಹಿಡಿದ ಅದೇ ಕೆರೆಯ ನೀರು ತುಂಬಿ. ನಲ್ಲಿ ನೀರು ಬೇಡ, ಅದರ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಉಳಿದ ಮೀನನ್ನು ಬೇರೆ ಕೆರೆಗೆ ಮಾತ್ರ ಬಿಡಬೇಡಿ, ರೋಗವೂ ಜೊತೆಗೆ ಹೋಗಬಹುದು.