ಪರೀಕ್ಷಾ ಪಟ್ಟಿಗೆಂದು ಆಂಟಿಬಾಡಿ (ಗುರಿಯ ವಸ್ತುವನ್ನು ಹಿಡಿಯುವ ಪ್ರೋಟೀನ್) ಹಾಕಿದೊಡನೆ ಚಿನ್ನದ ನ್ಯಾನೋ ದ್ರಾವಣ ನೀಲಿಯಾಗುತ್ತಿದೆ, ಇನ್ನೂ ಸಣ್ಣ ಕಣ ತರಿಸಲೇ?

ಬೇಡ. ಕಣ ಬದಲಿಸಬೇಡಿ, ಆಂಟಿಬಾಡಿ ಇರುವ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಬದಲಿಸಿ. ಗರ್ಭಪರೀಕ್ಷೆಯ ಪಟ್ಟಿಯಂಥ ಸ್ಟ್ರಿಪ್‌ಗೆ ನಿಮ್ಮ 40 ನ್ಯಾನೋಮೀಟರ್ ಚಿನ್ನ ಸರಿಯಾಗಿಯೇ ಇದೆ. 15ರದ್ದು ತಂದರೂ ಈ ತೊಂದರೆ ಹೋಗುವುದಿಲ್ಲ, ಮೇಲಾಗಿ ಗೆರೆಯೂ ಮಂಕಾಗುತ್ತದೆ.

ನಾನು ಒಂದಿಡೀ ವಯಲ್ ಆಂಟಿಬಾಡಿ ಹಾಳುಮಾಡಿದ್ದು ಹೀಗೆಯೇ: ಬಂದದ್ದನ್ನು ಬಂದ ಹಾಗೆ ಚಿನ್ನಕ್ಕೆ ಸುರಿದೆ. ವಯಲ್‌ನಲ್ಲಿ ಆಂಟಿಬಾಡಿ ಒಂದೇ ಇರುವುದಿಲ್ಲ, ಸಾಮಾನ್ಯವಾಗಿ ಪಿಬಿಎಸ್ (ಫಾಸ್ಫೇಟ್ ಬಫರ್ ಬೆರೆತ ಉಪ್ಪುನೀರು) ಇರುತ್ತದೆ. ಅದರಲ್ಲಿ 137 ಮಿಲಿಮೋಲಾರ್ ಅಡುಗೆ ಉಪ್ಪು. ನಾಲ್ಕು ಪಾಲು ಚಿನ್ನಕ್ಕೆ ಒಂದು ಪಾಲು ಹಾಕಿದರೂ ಉಪ್ಪು 27ರ ಹತ್ತಿರ ನಿಲ್ಲುತ್ತದೆ. ಸಿಟ್ರೇಟ್ ಹೊದ್ದ ಚಿನ್ನದ ಕಣಗಳೆಲ್ಲ ಋಣ ವಿದ್ಯುದಂಶದವು. ಒಂದನ್ನೊಂದು ದೂರ ತಳ್ಳುವುದರಿಂದಲೇ ತೇಲಿಕೊಂಡಿರುತ್ತವೆ. ಉಪ್ಪಿನ ಸೋಡಿಯಂ ಆ ತಳ್ಳಾಟವನ್ನು ಮರೆಮಾಡುತ್ತದೆ. ಆಂಟಿಬಾಡಿ ಹೋಗಿ ಕಣದ ಮೈ ಮುಚ್ಚುವುದರೊಳಗೆ ಕಣಗಳೇ ಒಂದಕ್ಕೊಂದು ಅಂಟಿರುತ್ತವೆ. ಪುನರ್ಪುಳಿ ಪಾನಕದಂಥ ಕೆಂಪು ನೇರಳೆಗೆ, ನೀಲಿಗೆ ತಿರುಗಿ, ಕೊನೆಗೆ ತಳದಲ್ಲಿ ಕಪ್ಪು ಗಸಿ. ಒಡೆದ ಹಾಲಿನ ಹಾಗೆ, ಮತ್ತೆ ಕಲಕಿ ಸರಿಮಾಡಲು ಬರುವುದಿಲ್ಲ. ವಯಲ್‌ನಲ್ಲಿ ಕೆಡದಂತೆ ಹಾಕುವ ಸೋಡಿಯಂ ಅಜೈಡ್ ಇದ್ದರೆ ಅದನ್ನೂ ತೆಗೆಯಬೇಕು.

ಆದ್ದರಿಂದ ಮೊದಲು ಆಂಟಿಬಾಡಿಯನ್ನು 2 ಮಿಲಿಮೋಲಾರ್ ಬೋರೇಟ್ ಬಫರಿಗೆ ಡಯಾಲಿಸಿಸ್ ಮಾಡಿ (ಸಣ್ಣ ರಂಧ್ರದ ಪೊರೆಯ ಚೀಲದಲ್ಲಿಟ್ಟು ಉಪ್ಪನ್ನು ಹೊರಬಿಡುವುದು). ಚಿನ್ನದ ಪಿಎಚ್ ಅನ್ನು 0.1 ಮೋಲಾರ್ ಪೊಟ್ಯಾಸಿಯಂ ಕಾರ್ಬೊನೇಟಿನಿಂದ ಹನಿಹನಿಯಾಗಿ 8.5ರ ಆಸುಪಾಸಿಗೆ ತನ್ನಿ. ಅಳೆಯಲು ಪಿಎಚ್ ಕಾಗದವೇ ಸಾಕು. ಮೀಟರಿನ ಎಲೆಕ್ಟ್ರೋಡ್ ಅದ್ದಿದರೆ ಬರಿಮೈ ಚಿನ್ನ ಅದರ ರಂಧ್ರದಲ್ಲಿ ಕಟ್ಟಿಕೊಳ್ಳುತ್ತದೆ.

ಆಮೇಲೆ ಉಪ್ಪಿನ ಪರೀಕ್ಷೆ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಏಳು ಟ್ಯೂಬುಗಳಲ್ಲಿ 1 ಮಿಲಿಲೀಟರ್ ಚಿನ್ನ ಹಾಕಿ, 0, 2, 4, 6, 8, 10, 12 ಮೈಕ್ರೋಗ್ರಾಂ ಆಂಟಿಬಾಡಿ ಸೇರಿಸಿ. ಹತ್ತು ನಿಮಿಷ ಬಿಟ್ಟು, ಪ್ರತಿಯೊಂದಕ್ಕೂ ಶೇ. 10ರ ಉಪ್ಪುನೀರು 100 ಮೈಕ್ರೋಲೀಟರ್. ಕೆಂಪಾಗಿಯೇ ಉಳಿದ ಟ್ಯೂಬುಗಳಲ್ಲಿ ಅತಿ ಕಡಿಮೆ ಆಂಟಿಬಾಡಿ ಇರುವುದನ್ನು ಗುರುತಿಸಿ, ಅದಕ್ಕಿಂತ ಸ್ವಲ್ಪ ಹೆಚ್ಚು ಬಳಸಿ. ಸೊನ್ನೆಯ ಟ್ಯೂಬು ನೀಲಿಯಾಗಲೇಬೇಕು. ಆಗದಿದ್ದರೆ ನಿಮ್ಮ ಚಿನ್ನಕ್ಕೆ ಆಗಲೇ ಬೇರೇನೋ ಹೊದಿಕೆ ಇದೆ ಎಂದರ್ಥ. ಹನ್ನೆರಡರದ್ದೂ ನೀಲಿಯಾದರೆ 7ರಿಂದ 9.5ರವರೆಗೆ ಪಿಎಚ್ ಬದಲಿಸಿ ನೋಡಿ. ಎಲ್ಲ ಆಂಟಿಬಾಡಿಗೂ ಒಂದೇ ಪಿಎಚ್ ಹೊಂದುವುದಿಲ್ಲ.

ದೊಡ್ಡ ಪ್ರಮಾಣದಲ್ಲಿ ಮಾಡುವಾಗ ಚಿನ್ನವನ್ನು ಕಲಕುತ್ತಿರುವಂತೆಯೇ ಆಂಟಿಬಾಡಿ ಸೇರಿಸಿ. ಅರ್ಧ ಗಂಟೆಯ ನಂತರ ಒಟ್ಟು ಶೇ. 1 ಆಗುವಷ್ಟು ಬಿಎಸ್ಎ (ಹಸುವಿನ ರಕ್ತದ ಪ್ರೋಟೀನ್) ಹಾಕಿ ಕಣದ ಮೈಯಲ್ಲಿ ಉಳಿದ ಜಾಗ ಮುಚ್ಚಿ. ಸ್ಪೆಕ್ಟ್ರೋಮೀಟರಿನಲ್ಲಿ ಬೆಳಕು ಹೀರುವಿಕೆಯ ಶಿಖರ 530 ನ್ಯಾನೋಮೀಟರ್ ಸುತ್ತ ಕೆಲವೇ ನ್ಯಾನೋಮೀಟರ್ ಸರಿದಿದ್ದರೆ ಸರಿ. 600ರಾಚೆ ಉಬ್ಬು ಎದ್ದಿದ್ದರೆ, ಕಣ್ಣಿಗೆ ಕೆಂಪಾಗಿಯೇ ಕಂಡರೂ ಆ ಬ್ಯಾಚನ್ನು ಸ್ಟ್ರಿಪ್‌ಗೆ ಹಾಕಬೇಡಿ: ಅಂಟಿದ ಕಣಗಳು ಪೊರೆಯಲ್ಲಿ ಸಿಕ್ಕಿಕೊಂಡು, ರೋಗವೇ ಇಲ್ಲದ ಮಾದರಿಯಲ್ಲೂ ಗೆರೆಯ ಹಾಗೆ ಕಾಣುತ್ತವೆ.

ಸ್ಟ್ರಿಪ್‌ನ ಪ್ಯಾಡಿನ ಮೇಲೆ ಒಣಗಿಸುವ ಮುನ್ನ ಸುಕ್ರೋಸ್ ಸೇರಿಸಿ, ಇಲ್ಲದಿದ್ದರೆ ಮಾದರಿ ಬಿದ್ದಾಗ ಚಿನ್ನ ಬಿಡಿಸಿಕೊಂಡು ಹರಿಯುವುದಿಲ್ಲ. ಉಳಿದದ್ದನ್ನು 4 ಡಿಗ್ರಿಯಲ್ಲಿಡಿ. ಫ್ರೀಜರಿಗೆ ಹಾಕಿದರೆ ಮತ್ತೆ ಅದೇ ನೀಲಿ.